ತೊಲೆಯ ಕೆಳಗೆ

"ತಲೆ ಜೋಪಾನ ಸಾರ್, ಮೇಲೆ ಕಲ್ಲಿನ ತೊಲೆ ಇದೆ!" ಎಂದು ಗೈಡ್ ಕೆಳಗಿನಿಂದ ಕೂಗುವ ಮೊದಲೇ ಗಂಡ ತಲೆ ತಗ್ಗಿಸಿಯಾಗಿತ್ತು. ದೀಪಸ್ತಂಭದ ಸುರುಳಿ ಮೆಟ್ಟಿಲಿನ ಮಬ್ಬಿನಲ್ಲಿ ಹಿಂದಿದ್ದ ಹೆಂಡತಿಗೆ ಅವನ ಬೆನ್ನಷ್ಟೇ ಕಂಡಿತ್ತು, ತೊಲೆ ಕಂಡಿರಲಿಲ್ಲ.

"ಭಲೇ ಸಾರ್! ಎತ್ತರ ಇರೋ ಹೊಸಬರೆಲ್ಲ ಇಲ್ಲಿ ಹಣೆ ಊದಿಸ್ಕೊಂಡೇ ಮೇಲೆ ಹೋಗಿ ಹಡಗು ನೋಡೋದು," ಗೈಡ್ ನಕ್ಕ.

"ಈ ಊರಿಗೆ ಬಂದೇ ಇಲ್ಲ ಅಂದಿದ್ರಿ?" ಎಂದಳು ಹೆಂಡತಿ.

"ಬಂದಿಲ್ಲ ಕಣೇ. ಏನೋ ಅಂದಾಜಿನ ಮೇಲೆ ಬಗ್ಗಿದೆ. ಬಾ ಬಾ."

ಇದ್ದರೂ ಇರಬಹುದು. ಬೆಳಿಗ್ಗೆ ದೋಣಿಕಟ್ಟೆಗೂ ಮೀನು ಮಾರುಕಟ್ಟೆಗೂ ಅವನು ದಾರಿ ಕೇಳಿಕೊಂಡೇ ಹೋಗಿದ್ದ. ಒಂದು ಸಲ ತಲೆ ತಗ್ಗಿಸಿದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದುಕೊಂಡು ಅವಳು ಮೊಬೈಲಿನ ಬೆಳಕು ಹಾಕಿದಳು.

ಅವನ ಎಡಗೈ ಹಿಂದಕ್ಕೆ ಚಾಚಿಕೊಂಡಿತ್ತು. ಹಿಂದೆ ಬರುವವರ ತಲೆಗೆ ಕಲ್ಲು ತಾಗದ ಹಾಗೆ ಅಂಗೈ ತೊಲೆಯ ಅಂಚನ್ನು ಮುಚ್ಚಿ ಹಿಡಿದಿತ್ತು. ಎಷ್ಟು ರೂಢಿಯೆಂದರೆ, ಅವನಿಗೇ ಅದರ ಪರಿವೆ ಇರಲಿಲ್ಲ. ಅವಳು ಇನ್ನೊಂದು ಮೆಟ್ಟಿಲು ಹತ್ತಿ ಆ ಕೈಯ ಕೆಳಗೆ ನೆಟ್ಟಗೆ ನಿಂತಳು. ಅವಳ ತಲೆಗೂ ಅಂಗೈಗೂ ನಡುವೆ ಒಂದು ಗೇಣು ಜಾಗ ಖಾಲಿ ಉಳಿಯಿತು.

"ಯಾರ್ರೀ ಅವಳು, ನನಗಿಂತ ಇಷ್ಟು ಎತ್ತರದವಳು?"