ನಿಲ್ಲು ಅಂದ ಜಾಗ

ಮಾವ ತನ್ನ ಕಿರುದೋಣಿ ಕಯಾಕಿನ ಮೂತಿಯನ್ನು ನೇರ ಹಿಮನದಿಯ ಕಡೆಗೆ ತಿರುಗಿಸಿದ. ಹಿಂದಿನ ಕಯಾಕಿನಲ್ಲಿದ್ದ ಇವಾಲುವಿನ ಹುಟ್ಟು ಅರ್ಧಕ್ಕೇ ನಿಂತಿತು.

“ಅಷ್ಟು ಹತ್ರ ಬೇಡ ಮಾವ. ಇಲ್ಲಿಂದ್ಲೇ ಕಾಣತ್ತೆ.”

“ನೋಡೋಕೆ ಬಂದಿಲ್ಲ ನಾನು,” ಎಂದ ಕುಪಾನುಕ್. ಎಪ್ಪತ್ತು ದಾಟಿದ ಬೇಟೆಗಾರ. ಅವನ ಹುಟ್ಟು ಸದ್ದಿಲ್ಲದೆ ನೀರಿಗಿಳಿದರೆ ಪಕ್ಕದ ಸೀಲ್ ಪ್ರಾಣಿ ಕೂಡ ತಲೆ ಎತ್ತುತ್ತಿರಲಿಲ್ಲ.

ಅವನ ಒಬ್ಬನೇ ಮಗ, ಇವಾಲುವಿನ ಗಂಡ ಸಾಲಿಕ್ ಸತ್ತು ಏಳು ವಾರವಾಗಿತ್ತು. ಸೀಲ್ ಬೇಟೆಗೆ ಹೋದವನ ಮೇಲೆ ಇದೇ ಹಿಮನದಿಯ ತುದಿಯ ಮಂಜುಗಡ್ಡೆಯ ಗೋಡೆಯೇ ಕಳಚಿ ಬಿದ್ದಿತ್ತು. ಕಯಾಕಿನ ಎರಡು ತುಂಡುಗಳು ಮೊದಲು ಸಿಕ್ಕಿದ್ದು ಕೊಲ್ಲಿಯ ಬಾಯಲ್ಲಿ ಬಿಡಾರ ಹಾಕಿದ್ದ ಕುಪಾನುಕನಿಗೇ. ದೇಹ ಸಿಗಲಿಲ್ಲ. ಅಂದಿನಿಂದ ಇಂದಿನ ಬೆಳಗಿನವರೆಗೆ ಅವನು ಸೊಸೆಯೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವಳು ಒಳಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಅವನು ಆಡದ ಮಾತನ್ನು ಊರು ಆಡಿತು. ಗ್ರೀನ್‌ಲ್ಯಾಂಡಿಗೆ ಬರುವ ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ಯುವುದು ಇವಾಲುವಿನ ಕೆಲಸ. ಗೋಡೆ ಎಷ್ಟು ಎತ್ತರವೋ ಅದರ ಐದು ಪಟ್ಟು ದೂರ ನಿಲ್ಲಿ. ಅಲೆ ಬಂದರೆ ಬೆನ್ನು ಕೊಡಬೇಡಿ, ಮೂತಿ ಕೊಡಿ. ದಡಕ್ಕೆ ಅಂಟಿಕೊಳ್ಳಬೇಡಿ, ಆಳ ಕಡಿಮೆಯಾದಲ್ಲಿ ಅಲೆ ಇನ್ನೂ ಎತ್ತರಕ್ಕೆ ಏಳುತ್ತದೆ. ದಿನವೂ ಇದೇ ಪಾಠ.

“ಲೋಕಕ್ಕೆಲ್ಲ ಹೇಳ್ಕೊಡ್ತಾಳೆ. ಗಂಡಂಗೆ ಹೇಳೋಕೆ ಬಾಯಿ ಬರ್ಲಿಲ್ವಾ?” ಅಂಗಡಿಯಲ್ಲಿ ಯಾರೋ ಅವಳಿಗೆ ಕೇಳಿಸುವಂತೆಯೇ ಅಂದಿದ್ದರು.

ಇಂದು ಬೆಳಿಗ್ಗೆ ಮಾವ ಬಾಗಿಲಲ್ಲಿ ಬಂದು ನಿಂತಿದ್ದ. “ಅವನಿಗೆ ನಿಲ್ಲು ಅಂದ್ಯಂತಲ್ಲ, ಆ ಜಾಗ ತೋರ್ಸು.”

ದಡದಲ್ಲಿ ಅವಳ ಜೀವರಕ್ಷಕ ಅಂಗಿಯ ಪಟ್ಟಿಗಳನ್ನು ತಾನೇ ಎಳೆದು ಬಿಗಿದ, ಪಕ್ಕೆ ನೋಯುವಷ್ಟು. ಇವನು ನನ್ನನ್ನು ವಾಪಸು ಕರೆತರುವುದಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಆದರೂ ಹೊರಟಳು. ಬರುವುದಿಲ್ಲ ಎನ್ನಲು ಅವಳಲ್ಲಿ ಕಾರಣವೇ ಉಳಿದಿರಲಿಲ್ಲ.

“ಇಲ್ಲೇ ಮಾವ,” ಎಂದಳು ಈಗ, ಗೋಡೆಯನ್ನು ಕಣ್ಣಲ್ಲೇ ಅಳೆದು.

ಕುಪಾನುಕ್ ಹುಟ್ಟನ್ನು ಅಡ್ಡ ಹಿಡಿದು ಕಯಾಕನ್ನು ನಿಲ್ಲಿಸಿದ. “ಇಲ್ಲಿಂದ ಮುಂದೆ ಹೋಗ್ಬೇಡ ಅಂದ್ಯಾ?”

“ವೈರ್‌ಲೆಸ್‌ನಲ್ಲಿ ಕೂಗಿ ಹೇಳ್ದೆ.”

“ಕೇಳಿಸ್ಕೊಂಡ್ನಾ?”

“ಹುಟ್ಟು ಎತ್ತಿ ತೋರಿಸ್ದ.”

“ಆಮೇಲೆ?”

“ನನ್ ಜೊತೆ ನಾಲ್ಕು ಜನ ಪ್ರವಾಸಿಗಳಿದ್ರು. ಅವರನ್ನ ಕರ್ಕೊಂಡು ಆ ಬಂಡೆ ಮೂಲೆ ತಿರುಗ್ಬಿಟ್ಟೆ. ಎಷ್ಟೋ ಹೊತ್ತಾದ್ಮೇಲೆ ಸದ್ದು ಕೇಳಿಸ್ತು.” ಅವಳು ಆ ಬಂಡೆಯ ಕಡೆ ನೋಡಿದಳು. “ನಿಂತು ನೋಡ್ಬೇಕಿತ್ತು.”

“ಎಷ್ಟೋ ಹೊತ್ತಾದ್ಮೇಲೆ,” ಎಂದು ಮುದುಕ ಮೆಲ್ಲಗೆ ಹೇಳಿಕೊಂಡ.

ಗೋಡೆಯ ಒಳಗೆಲ್ಲೋ ಗುಡುಗಿದಂತಾಯಿತು. ಹಕ್ಕಿಗಳು ಎದ್ದು ಹೋದವು.

“ನನ್ನ ಜೀವ ಬೇಕು ಅಂದ್ರೆ ಬಾಯಿಬಿಟ್ಟು ಹೇಳಿ ಮಾವ,” ಎಂದಳು ಇವಾಲು. “ನಾನೇ ಮುಂದೆ ಹೋಗ್ತೀನಿ. ತಡೆಯೋರು ಯಾರಿದಾರೆ ನಂಗೆ?”

ಏಳು ವಾರದಲ್ಲಿ ಮೊದಲ ಸಲ ಅವನು ಅವಳ ಮುಖ ನೋಡಿದ.

“ಇಲ್ಲಿಂದ ಒಂದು ಮೊಳ ಮುಂದೆ ಬಂದ್ರೆ ನೋಡು,” ಎಂದು ಗದರಿ, ಹುಟ್ಟು ಹಾಕಿದ.

ಅವಳು ಕೂಗಿದಳು. ಅವನು ತಿರುಗಲಿಲ್ಲ. ನೋಡನೋಡುತ್ತಿದ್ದಂತೆ ಆ ಬೃಹತ್ ಬಿಳಿಯ ಕೆಳಗೆ ಅವನ ಕಯಾಕ್ ಒಂದು ಕಪ್ಪು ಗೀರಾಯಿತು. ಮೇಲಿನ ಅಂಚಿನಿಂದ ಮಂಜುಗಡ್ಡೆಯ ಪುಡಿ ಉದುರತೊಡಗಿತು. ಇವಾಲು ವೈರ್‌ಲೆಸ್ ಒತ್ತಿದಳು.

“ವಾಪಸ್ ಬನ್ನಿ ಮಾವ! ಅವನೂ ಹೀಗೇ ನನ್ನ ಮಾತು ಕೇಳ್ದೆ ಹೋಗಿದ್ದು! ಕಾಲಿಗೆ ಬೀಳ್ತೀನಿ, ಬನ್ನಿ!”

ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತು. ದಿನವೂ ಪಾಠ ಕಲಿಸಿದ ಅವಳ ಕೈ ತಾನಾಗಿಯೇ ಕಯಾಕಿನ ಮೂತಿಯನ್ನು ಬರಲಿರುವ ಅಲೆಗೆ ಎದುರು ಮಾಡಿತು. ಆಗ ವೈರ್‌ಲೆಸ್ ಗೊರಗುಟ್ಟಿತು. ಮುದುಕನ ದನಿ ಬಹಳ ಶಾಂತವಾಗಿತ್ತು.

“ಅವನು ನಿನ್ನ ಮಾತು ಕೇಳಿದ್ದ, ಇವಾಲು, ಆಗ್ಲೇ ತಿರುಗಿ ನನ್ನ ಬಿಡಾರಕ್ಕೆ ಬಂದಿದ್ದ — ಹೆಂಡ್ತಿಗೆ ಹೆದರಿ ಬರಿಗೈಲಿ ಬರೋನು ನನ್ನ ಮಗನೇ ಅಲ್ಲ ಅಂತ ಮತ್ತೆ ಇಲ್ಲಿಗೆ ಅಟ್ಟಿದ್ದು ನಾನು.”