ಟಕ್ ಅನ್ನದ ಸ್ಟೆಬಿಲೈಸರ್

ನಿವೃತ್ತ ಮೇಷ್ಟ್ರು ತಮ್ಮ ಹೊಸ ಸ್ಟೆಬಿಲೈಸರನ್ನು ಎರಡನೇ ಸಲ ಹೊತ್ತು ತಂದು ಗುರುಶಾಂತನ ಅಂಗಡಿಯ ಮೇಜಿನ ಮೇಲೆ ಕುಕ್ಕಿದರು.

“ಸತ್ತಿದೆ ಕಣಯ್ಯ ಇದು. ಉಸಿರೇ ಇಲ್ಲ.”

“ಹೊಸ ಮಾದರಿ ಸಾರ್. ಟಕ್ ಅನ್ನೋ ರಿಲೇ ಇದರಲ್ಲಿಲ್ಲ. ವೋಲ್ಟೇಜು ಏರಿದ್ರೂ ಇಳಿದ್ರೂ ಸದ್ದಿಲ್ಲದೆ ಸರಿಮಾಡ್ಕೊಳ್ಳತ್ತೆ.”

“ಸದ್ದಿಲ್ಲದೆ ಕೆಲಸ ಮಾಡೋರನ್ನ ಮೂವತ್ತು ವರ್ಷ ಸ್ಟಾಫ್ ರೂಮಲ್ಲಿ ನೋಡಿದೀನಿ. ಹಳೇದು ಟಕ್ ಅಂತ ಹಾಜರಿ ಹೇಳ್ತಿತ್ತು. ಇದನ್ನ ನೀನೇ ಇಟ್ಕೊ. ನಮ್ಮ ಬೀದಿಯೋರಿಗೂ ಕೊಳ್ಳಬೇಡಿ ಅಂತೀನಿ.”

ಆ ಬೀದಿಯ ಕೆಟ್ಟ ವೋಲ್ಟೇಜೇ ಗುರುಶಾಂತನ ಅನ್ನ. ಅವನು ಹಳೆಯ ರಿಲೇ ಒಂದನ್ನು ಹುಡುಕಿ, ವೋಲ್ಟೇಜಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ ಒಳಗೆ ಕೂರಿಸಿ, ಐದೈದು ನಿಮಿಷಕ್ಕೊಮ್ಮೆ ಟಕ್ ಅನ್ನುವಂತೆ ಮಾಡಿಕೊಟ್ಟ.

ಮೇಷ್ಟ್ರು ಕಿವಿಗೊಟ್ಟು ಕೇಳಿ, “ಈಗ ಜೀವ ಬಂತು ನೋಡು” ಎಂದು ಹೊತ್ತುಕೊಂಡು ಹೋದರು.

ಎರಡು ತಿಂಗಳ ಮೇಲೆ ಪೇಡೆ ಡಬ್ಬಿ ಹಿಡಿದು ಬಂದರು.

“ತಗೊ, ಎಲ್ಲ ನಿನ್ನ ಪೆಟ್ಟಿಗೆಯ ಪುಣ್ಯ. ದಿನಕ್ಕೆ ಇನ್ನೂರ ಎಂಬತ್ತೆಂಟು ಸಲ ವೋಲ್ಟೇಜು ಏರಿಳಿಯತ್ತೆ ಅಂತ, ಪ್ರತಿ ಟಕ್ಕಿಗೂ ಗಂಟೆ ನಿಮಿಷ ಬರೆದು ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟೆ. ರಾತ್ರಿ ಪಾಳಿ ನಮ್ಮ ಮನೆಯವಳದ್ದು. ಹತ್ತು ವರ್ಷದಿಂದ ಅಲುಗಾಡದ ಸಾಹೇಬ್ರು ಪಟ್ಟಿ ನೋಡಿ ಬೆಚ್ಚಿಬಿದ್ರು. ನಿನ್ನೆ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ವೋಲ್ಟೇಜು ಈಗ ಸ್ಕೇಲಿಟ್ಟು ಗೆರೆ ಎಳೆದ ಹಾಗೆ.”

ಪೇಡೆ ಗುರುಶಾಂತನ ಕೈಯಲ್ಲೇ ಉಳಿಯಿತು.

“ಬೀದಿಯೋರೆಲ್ಲ ಸ್ಟೆಬಿಲೈಸರ್ ಬಿಚ್ಚಿಕೊಂಡು ನನ್ನ ಹಿಂದೇನೇ ಬರ್ತಿದಾರೆ. ನೀನು ಒಳ್ಳೇ ಹುಡುಗ, ಅರ್ಧ ಬೆಲೆಗಾದ್ರೂ ವಾಪಸ್ ತಗೋತೀಯ ಅಂತ ನಾನೇ ಹೇಳಿದೀನಿ.”