ಎದುರಾಳಿ ಹೊಂದಿಸಿಕೊಟ್ಟ ಬಿಲ್ಲು

ಗರಿಯಿದ್ದ ಮೂರು ಬಾಣಗಳು ಗುರಿಯ ನಟ್ಟನಡುವಿನ ಹಳದಿ ವೃತ್ತದ ಆಸುಪಾಸಿನಲ್ಲಿ ನಾಟಿದವು. ಬಿಲ್ಲಿನ ಹದ ಪರೀಕ್ಷಿಸಲೆಂದೇ ಗರಿ ಕಿತ್ತಿದ್ದ ನಾಲ್ಕನೆಯದು ಒಂದು ಗೇಣು ಎಡಕ್ಕೆ ಹೋಗಿ ಸಿಕ್ಕಿಕೊಂಡಿತು.

"ಸ್ಪ್ರಿಂಗು ಗಟ್ಟಿಯಾಗೈತೆ," ಎಂದಳು ರಾಣಿ. ಶರ್ಮಿಳಾಳ ಕೈಯಿಂದ ತುದಿಗಳು ಮುಂದಕ್ಕೆ ಬಾಗಿದ ಹೊಸ ರಿಕರ್ವ್ ಬಿಲ್ಲನ್ನು ತೆಗೆದುಕೊಂಡು, ಬಾಣ ಒರಗುವ ಜಾಗದಲ್ಲಿದ್ದ ಪುಟ್ಟ ಸ್ಪ್ರಿಂಗ್ ಬಟನ್ನಿನ ಸ್ಕ್ರೂವನ್ನು ತುಸು ಸಡಿಲಿಸಿದಳು. "ಈಗ ಹೊಡಿ."

ಬಿಲ್ಲು ಬಂದದ್ದು ಗುರುವಾರ. ಬೇಲೂರಿನಲ್ಲಿ ಪಂದ್ಯ ಇದ್ದದ್ದು ಭಾನುವಾರ. ಹುಡುಗಿಯರಲ್ಲಿ ಮೊದಲು ಬಂದವಳೊಬ್ಬಳಿಗೆ ಮಾತ್ರ ರಾಜ್ಯಮಟ್ಟದ ಪಂದ್ಯಕ್ಕೆ ಅವಕಾಶ. ಆ ಒಬ್ಬಳು ತಮ್ಮಿಬ್ಬರಲ್ಲಿ ಯಾರೋ ಒಬ್ಬಳು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಹೊಸ ಬಿಲ್ಲನ್ನು ಹದಕ್ಕೆ ತರುವುದು ಅರಸೀಕೆರೆಯಲ್ಲಿ ಬರುತ್ತಿದ್ದದ್ದು ರಾಣಿಗೆ ಮಾತ್ರ. ಅವಳು ಕ್ರೀಡಾ ಹಾಸ್ಟೆಲಿನಲ್ಲಿ ಇದ್ದು ಬಂದವಳು. ಶರ್ಮಿಳಾ ಸಂಕೋಚದಿಂದಲೇ ಫೋನ್ ಮಾಡಿ ಕೇಳಿದಾಗ ರಾಣಿ ಕೇಳಿದ್ದು ಒಂದೇ ಪ್ರಶ್ನೆ: "ಸ್ಕ್ರೂ ತಿರುಗಿಸೋ ಅಲೆನ್ ಕೀ ಐತಾ?"

ಶನಿವಾರ ಬೆಳಗಿನಿಂದ ಅವಳು ಹೆದೆಗೆ ಹುರಿ ಹಾಕಿ ಬಿಲ್ಲಿಗೂ ಹೆದೆಗೂ ನಡುವಿನ ಅಂತರ ಸರಿಮಾಡಿದಳು, ಬಾಣ ಕೂರಿಸುವ ಕಡೆ ದಾರ ಸುತ್ತಿದಳು, ಬಿಚ್ಚಿದಳು, ಕೂದಲೆಳೆಯಷ್ಟು ಮೇಲಕ್ಕೆ ಮತ್ತೆ ಸುತ್ತಿದಳು. ಬಿಸಿಲು ಇಳಿಯುವ ಹೊತ್ತಿಗೆ ಗರಿಯಿಲ್ಲದ ಬಾಣವೂ ಉಳಿದವುಗಳ ಭುಜಕ್ಕೆ ಭುಜ ತಾಗಿಸಿ ನಿಂತಿತು. "ಇನ್ನು ಮುಟ್ಬೇಡ," ಎಂದು ಹೇಳಿ ರಾಣಿ ತನ್ನೂರು ಹಾರನಹಳ್ಳಿಯ ಬಸ್ಸು ಹತ್ತಿದಳು.

ಊಟಕ್ಕೆ ಕುಳಿತಾಗ ಶರ್ಮಿಳಾಳ ತಂದೆ, ಕೊಬ್ಬರಿ ಮಂಡಿಯ ಶಿವಕುಮಾರ್, ಗೋಡೆಗೆ ಒರಗಿಸಿದ್ದ ಬಿಲ್ಲನ್ನು ನೋಡಿದರು.

"ಯಾರು ರೆಡಿ ಮಾಡಿಕೊಟ್ಟಿದ್ದು?"

"ರಾಣಿ."

"ನಾಳೆ ನಿನ್ನೆದುರಿಗೆ ಆಡೋಳು?"

"ಹೂಂ."

"ನಮ್ಮ ತಕ್ಕಡೀನ ಎದುರು ಮಂಡಿಯವನ ಕೈಲಿ ರಿಪೇರಿ ಮಾಡಿಸ್ತೀವೇನಮ್ಮ?" ಎಂದರು. ಅಷ್ಟೇ. ಆಮೇಲೆ ಮಜ್ಜಿಗೆ ಬಡಿಸಿಕೊಂಡರು.

ಶರ್ಮಿಳಾಗೆ ಊಟ ರುಚಿಸಲಿಲ್ಲ. ರಾಣಿ ಅಂಥವಳಲ್ಲ ಎಂದುಕೊಂಡಳು. ಹಾಗೆ ಅಂದುಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಇರುಸುಮುರುಸಾಯಿತು. ಹೊಸ ಬಿಲ್ಲಿನ ಸ್ಕ್ರೂವನ್ನು ಯಾರಾದರೂ ಸಡಿಲ ಮಾಡುತ್ತಾರೆಯೇ? ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿದಳು. ಅದರಲ್ಲಿ ಒಬ್ಬಾತ ಬಿಗಿ ಮಾಡುತ್ತಿದ್ದ. ತಟ್ಟೆ ತೊಳೆದಿಟ್ಟು ಬಂದು ಅವಳೂ ಎರಡು ಸುತ್ತು ಬಿಗಿ ಮಾಡಿದಳು. ಮನಸ್ಸಿಗೆ ನೆಮ್ಮದಿಯಾಯಿತು.

ಬೇಲೂರಿನ ಮೈದಾನದಲ್ಲಿ, ಅಂಕ ಎಣಿಸುವ ಮೊದಲು ಶರ್ಮಿಳಾ ಬಿಟ್ಟ ಅಭ್ಯಾಸದ ಬಾಣಗಳೆಲ್ಲ ಎಡಕ್ಕೆ ಹೋಗಿ ಹೊರಗಿನ ನೀಲಿ ವೃತ್ತದಲ್ಲಿ ಕೂತವು. ಗುರಿ ನೋಡುವ ಸೈಟನ್ನು ಸರಿಸಿದಳು. ಆಗ ದಿಕ್ಕಿಗೊಂದರಂತೆ ಹೋದವು. ಪಕ್ಕದ ಗುರಿಯೆದುರು ನಿಂತಿದ್ದ ರಾಣಿ ಅದನ್ನು ನೋಡಿದಳು. ತನ್ನ ಅಭ್ಯಾಸದ ಬಾಣಗಳನ್ನು ಬತ್ತಳಿಕೆಯಲ್ಲೇ ಬಿಟ್ಟು ಹತ್ತಿರ ಬಂದಳು.

"ಸ್ಕ್ರೂ ಮುಟ್ಟಿದ್ಯಾ?"

"ಹೂಂ."

"ಎಷ್ಟು?"

"ಎರಡು ಸುತ್ತು."

ಯಾಕೆ ಎಂದು ಕೇಳಿಯಾಳು ಎಂದು ಶರ್ಮಿಳಾ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದಳು. ರಾಣಿ ಕೇಳಲಿಲ್ಲ. ಎರಡು ಸುತ್ತು ಹಿಂದಕ್ಕೆ ತಿರುಗಿಸಿ, ಸೈಟನ್ನು ಮೊದಲಿನ ಗೆರೆಗೆ ತಂದು, ಬಿಲ್ಲನ್ನು ಕೈಗೆ ಕೊಟ್ಟಳು. ಅಷ್ಟರಲ್ಲಿ ಪಂದ್ಯ ಶುರುವಿನ ಸೀಟಿ ಕೇಳಿಸಿತು. ರಾಣಿಯ ಅಭ್ಯಾಸ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನದವರೆಗೂ ಇಬ್ಬರ ಅಂಕಗಳೂ ಒಂದರ ಬೆನ್ನಿಗೊಂದು ಏರಿದವು. ಕೊನೆಯ ಬಾಣಕ್ಕೆ ಬಂದಾಗ ಇಬ್ಬರದೂ ಸಮ. ಶರ್ಮಿಳಾಳ ಬೆರಳು ಹೆದೆಯನ್ನು ಬಿಡುವಾಗ ತಡವರಿಸಿತು. ಬಾಣ ಗುರಿ ಮುಟ್ಟುವ ಮೊದಲೇ ಅದು ಹಳದಿಯಾಚೆಯ ಕೆಂಪಿಗೆ ಹೋಗುತ್ತದೆಂದು ಅವಳಿಗೆ ಗೊತ್ತಾಯಿತು. ರಾಣಿಯದು ಹಳದಿಯಲ್ಲಿ ನಾಟಿತು.

ಬೋರ್ಡು ಓದಿಕೊಂಡು ಬಂದ ಶಿವಕುಮಾರ್ ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ. "ನಾನು ನಿನ್ನೇನೇ ಹೇಳ್ಲಿಲ್ವಾ? ಎದುರಾಳಿ ಕೈಗೆ ಬಿಲ್ಲು ಕೊಟ್ರೆ ಇನ್ನೇನಾಗುತ್ತೆ?"

ರಾಣಿ ಅಲ್ಲೇ ಕುಳಿತು ತನ್ನ ಬಿಲ್ಲಿನ ಹೆದೆ ಇಳಿಸುತ್ತಿದ್ದಳು.

"ಅಪ್ಪ, ಬಿಲ್ಲು ಕೆಡಿಸಿದ್ದು ನಾನು," ಎಂದಳು ಶರ್ಮಿಳಾ. "ನಿಮ್ಮ ಮಾತು ಕೇಳಿ ರಾತ್ರಿ ಸ್ಕ್ರೂ ತಿರುಗಿಸಿಬಿಟ್ಟೆ. ಬೆಳಿಗ್ಗೆ ಸರಿ ಮಾಡಿದ್ದು ಅವಳು. ಕೊನೇ ಬಾಣ ನನ್ನ ಕೈ ತಪ್ಪು." ಬೇಗ ಬೇಗ ಸೇರಿಸಿದಳು: "ಇವಳಿಗೆ ಇನ್ನು ಬಸ್ಸು ತಡ. ನಮ್ಮ ಕಾರಲ್ಲೇ ಬರ್ತಾಳೆ."

ಕಾರಿನ ಹಿಂದಿನ ಸೀಟಿನಲ್ಲಿ ಹುಡುಗಿಯರಿಬ್ಬರೂ ಬಿಲ್ಲಿನ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹಳೇಬೀಡು ದಾಟಿದ ಮೇಲೆ ಶಿವಕುಮಾರ್ ಕನ್ನಡಿಯಲ್ಲಿ ರಾಣಿಯನ್ನು ನೋಡಿದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಅಲ್ಲಮ್ಮ, ಅವಳ ಬಿಲ್ಲು ಕೆಟ್ಟಿದ್ದು ನಿನಗೆ ಕಾಣಿಸ್ತಲ್ಲ. ಸುಮ್ಮನಿದ್ದಿದ್ರೆ ಆರಾಮಾಗಿ ಗೆಲ್ತಿದ್ದೆ. ಯಾಕೆ ಸರಿ ಮಾಡೋಕೆ ಹೋದೆ?"

ರಾಣಿ ತೊಡೆಯ ಮೇಲಿದ್ದ ಚೀಲವನ್ನು ಪಕ್ಕಕ್ಕೆ ಸರಿಸಿದಳು.

"ಹಂಗೆ ಗೆದ್ದಿದ್ರೆ, ಅವಳ ಬಿಲ್ಲು ಸರಿ ಇರಲಿಲ್ಲ ಅಂತಿದ್ರಿ ಅಂಕಲ್," ಎಂದಳು. "ಈಗೇನಂತೀರ?"

ಶಿವಕುಮಾರ್ ಗೇರು ಬದಲಿಸಿದರು. ರಸ್ತೆ ನೇರವಾಗಿತ್ತು, ಎದುರಿಗೆ ಯಾವ ಗಾಡಿಯೂ ಇರಲಿಲ್ಲ.